ನೂರರವರೆಗೆ ಬರೆಯಲು ಬರುತ್ತಿದ್ದ ಹುಡುಗಿ

ಸಂಕ್ರಾಂತಿ ರಜೆ ಮುಗಿದು ಶಾಲೆ ತೆರೆದ ದಿನವೇ ಹೆಡ್ ಮಿಸ್ ನನ್ನನ್ನು ಕರೆಸಿದರು. ಐದನೇ ಕ್ಲಾಸಿನ ಗಣಿತದ ಟೀಚರು ಹೆರಿಗೆ ರಜೆಯ ಮೇಲೆ ಹೋಗಿದ್ದಾರೆ, ವರ್ಷ ಮುಗಿಯುವ ತನಕ ಆ ಪಿರಿಯಡ್ ನಿಮ್ಮದು ಎಂದರು. ನಾನು ಆಗ ಮೂರನೇ ಕ್ಲಾಸಿಗೆ ಕನ್ನಡ ಹೇಳಿಕೊಡುತ್ತಿದ್ದೆ, ಅದಕ್ಕೆ ಮುಂಚೆ ಬಹಳ ವರ್ಷ ಯುಕೆಜಿ. ಐದನೇ ಕ್ಲಾಸಿನ ಗಣಿತ ಎಂದರೆ ಭಿನ್ನರಾಶಿ, ಲಸಾಅ, ದೊಡ್ಡ ದೊಡ್ಡ ಭಾಗಾಕಾರ. ಆದರೆ ಆಗಲ್ಲ ಅನ್ನುವ ಅಭ್ಯಾಸ ಖಾಸಗಿ ಶಾಲೆಯ ಟೀಚರುಗಳಿಗೆ ಇರುವುದಿಲ್ಲ. ಸರಿ ಮೇಡಂ ಎಂದು ಚಾಕ್‌ಪೀಸ್ ಡಬ್ಬ ಎತ್ತಿಕೊಂಡು ಮೇಲಿನ ಮಹಡಿಗೆ ಹೋದೆ.

ಮೊದಲ ವಾರ ಒಂದು ಸಣ್ಣ ಟೆಸ್ಟ್ ಕೊಟ್ಟೆ. ಕಿಟಕಿ ಪಕ್ಕದ ಎರಡನೇ ಬೆಂಚಿನಲ್ಲಿ ಕೂರುವ ಹುಡುಗಿಯೊಬ್ಬಳು ಐವತ್ತೆರಡರಲ್ಲಿ ಮೂವತ್ತೆಂಟು ಹೋದರೆ ಇಪ್ಪತ್ತಾರು ಎಂದು ಬರೆದಿದ್ದಳು. ಎಲ್ಲ ಕಡೆಯೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುವುದು ಅವಳ ಪದ್ಧತಿ, ಮೇಲಿದ್ದರೇನು ಕೆಳಗಿದ್ದರೇನು. ಅರ್ಧಕ್ಕೆ ಕಾಲು ಸೇರಿಸಿದರೆ ಆರನೇ ಎರಡು ಅಂದಿದ್ದಳು. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿತ್ತು. ನನಗೆ ಸಿಟ್ಟು ಬೇಗ ಬರುತ್ತದೆ, ಅದು ಶಾಲೆಗೆಲ್ಲ ಗೊತ್ತು. ಪೇಪರನ್ನು ಅವಳ ಮುಂದೆ ಹಿಡಿದು ಚೆನ್ನಾಗಿ ಬೈದೆ. ಅವಳು ಅಳಲಿಲ್ಲ, ತಲೆ ಬಗ್ಗಿಸಿ ನಿಂತಳು, ಬೈಸಿಕೊಳ್ಳುವುದು ಅಭ್ಯಾಸವಾದವರು ನಿಲ್ಲುವ ಹಾಗೆ.

ಅವಳನ್ನು ನಾನು ಬಲ್ಲೆ. ಯುಕೆಜಿಯಲ್ಲಿ ನನ್ನ ಹತ್ತಿರವೇ ಓದಿದವಳು. ಕೊರೊನಾ ಶುರುವಾಗುವುದಕ್ಕೆ ಮುಂಚಿನ ವರ್ಷದ ಬ್ಯಾಚು. ಒಂದನೇ ಕ್ಲಾಸನ್ನು ಪಾಪ ಮೊಬೈಲಿನಲ್ಲಿ ಓದಿದ ಮಕ್ಕಳು ಇವರು. ಸ್ಟಾಫ್ ರೂಮಿನಲ್ಲಿ ಈ ಕ್ಲಾಸಿನ ಬಗ್ಗೆ ಯಾರು ಏನು ದೂರಿದರೂ ಕೊನೆಗೆ "ಕೊರೊನಾ ಬ್ಯಾಚ್ ಅಲ್ವಾ" ಎಂದು ಮುಗಿಸುತ್ತಿದ್ದರು. ನಾನೂ ಹಾಗೇ ಅಂದುಕೊಂಡೆ. ತಪ್ಪು ರೋಗದ್ದಾದರೆ ಯಾರ ಮನಸ್ಸಿಗೂ ಭಾರವಿಲ್ಲ.

ಆ ತಿಂಗಳ ಕೊನೆಯಲ್ಲಿ ಹೆಡ್ ಮಿಸ್ ಒಂದು ಪಟ್ಟಿ ತೋರಿಸಿದರು. ನಮ್ಮ ಶಾಲೆಯಲ್ಲಿ ಹತ್ತನೇ ಕ್ಲಾಸಿನವರೆಗೆ ಇದೆ, ರಿಸಲ್ಟ್ ಬೋರ್ಡು ಗೇಟಿನ ಮೇಲೇ ಇದೆ. ಹಾಗಾಗಿ ಆರನೇ ಕ್ಲಾಸಿಗೆ ಕಳಿಸುವ ಮುನ್ನ ಜರಡಿ ಹಿಡಿಯುವ ರೂಢಿ. ಫೇಲ್ ಮಾಡುವುದಿಲ್ಲ, ಪೋಷಕರನ್ನು ಕರೆಸಿ, ನಿಮ್ಮ ಮಗುವಿಗೆ ಬೇರೆ ಶಾಲೆ ಒಳ್ಳೆಯದು ಎಂದು ಮೆಲ್ಲಗೆ ಹೇಳಿ ಟಿ.ಸಿ. ಕೊಡುತ್ತಾರೆ. ಪಟ್ಟಿಯ ಮೊದಲನೆಯ ಹೆಸರೇ ಅವಳದು.

ಅವಳ ಅಮ್ಮ ಮಾರನೆಯ ದಿನ ಬಂದರು. ಬಸ್ ಸ್ಟಾಪಿನ ಹಿಂದಿನ ರಸ್ತೆಯಲ್ಲಿ ಸೀರೆಗೆ ಫಾಲ್ ಹಾಕಿ ಜಿಗ್‌ಜಾಗ್ ಹೊಲಿಯುವ ಪುಟ್ಟ ಅಂಗಡಿ ಅವರದು. ಸೆರಗಿಗೆ ಒಂದೆರಡು ದಾರದ ಎಳೆ ಅಂಟಿಕೊಂಡೇ ಇದ್ದವು.

"ಎಲ್ಲಾ ಸಬ್ಜೆಕ್ಟಲ್ಲೂ ಚೆನ್ನಾಗೇ ಇದಾಳೆ ಮೇಡಂ, ಇದೊಂದೇ" ಎಂದರು. "ಅವಳ ಫ್ರೆಂಡ್ಸೆಲ್ಲ ಇಲ್ಲೇ ಇದಾರೆ. ಈ ಸ್ಕೂಲ್ ಬಿಡಿಸ್ತೀವಿ ಅಂದ್ರೆ ಊಟ ಬಿಟ್‌ಬಿಡ್ತಾಳೆ. ಒಂದೇ ಒಂದು ಚಾನ್ಸ್ ಕೊಡಿ."

ಹೆಡ್ ಮಿಸ್ ಕೆಟ್ಟವರಲ್ಲ. ಪೆನ್ನು ತಿರುಗಿಸುತ್ತಾ, "ಮಾರ್ಚ್ ಪರೀಕ್ಷೆಲಿ ಐವತ್ತಕ್ಕೆ ಹದಿನೆಂಟು ತಗೊಂಡು ಪಾಸಾಗ್ಲಿ, ಆರನೇ ಕ್ಲಾಸಿಗೆ ನಾನೇ ಕೂರಿಸ್ತೀನಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ ಹಳೇ ಸ್ಟೂಡೆಂಟು ಅಲ್ವಾ, ನೋಡ್ಕೊಳಿ" ಎಂದರು. ನನ್ನ ಕೈಯಲ್ಲಿ ಏಳು ವಾರ ಇತ್ತು.

ಶಾಲೆ ಬಿಟ್ಟ ಮೇಲೆ ದಿನಾ ಮುಕ್ಕಾಲು ಗಂಟೆ ಅವಳನ್ನು ಕೂರಿಸಿಕೊಂಡೆ. ನನ್ನ ಮೊದಲ ಉಪಾಯ ಮಗ್ಗಿ. ಮಗ್ಗಿ ಬಂದರೆ ಗುಣಾಕಾರ, ಗುಣಾಕಾರ ಬಂದರೆ ಭಾಗಾಕಾರ, ಅಲ್ಲಿಂದ ಮುಂದೆ ಎಲ್ಲ ಸರಾಗ ಎಂಬುದು ನನ್ನ ನಂಬಿಕೆ. ಎರಡು ವಾರದಲ್ಲಿ ಹನ್ನೆರಡರವರೆಗೆ ಬಾಯಿಪಾಠ ಮಾಡಿಸಿದೆ. ಅವಳು ರಾಗವಾಗಿ ಒಪ್ಪಿಸುವಾಗ ನನಗೆ ಹೆಮ್ಮೆಯಾಯಿತು. ಮಧ್ಯದಿಂದ ಕೇಳಿ ನೋಡೋಣ ಎಂದು ಏಳಾರಲಿ ಎಷ್ಟು ಎಂದೆ. ಅವಳು ಕಣ್ಣು ಮುಚ್ಚಿ, ಏಳೊಂದಲಿ ಏಳು ಎಂದು ಮೊದಲಿನಿಂದ ಶುರುಮಾಡಿದಳು. ಏಳಾರಲಿ ನಲವತ್ತೆರಡು, ಸರಿ. ಹಾಗಾದರೆ ಏಳೇಳು ಎಷ್ಟು ಎಂದೆ. ಮತ್ತೆ ಏಳೊಂದಲಿ ಏಳು. ನಲವತ್ತೆರಡಕ್ಕೆ ಇನ್ನೊಂದು ಏಳು ಕೂಡಿಸಿದರೆ ಸಾಕು ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ಪದ್ಯದ ಸಾಲಿಗೆ ಏನನ್ನಾದರೂ ಕೂಡಿಸಲು ಬರುತ್ತದೆಯೇ?

ಆ ದಿನ ಸಿಟ್ಟು ಬರಲಿಲ್ಲ, ಹೆದರಿಕೆಯಾಯಿತು. ಪಕ್ಕದಲ್ಲಿ ಕೂತು, ಎಂಟಕ್ಕೆ ಐದು ಸೇರಿಸು ಎಂದು ಮೆಲ್ಲಗೆ ಕೇಳಿ ಅವಳ ಮುಖ ನೋಡಿದೆ. ಕೈ ಅಲ್ಲಾಡಲಿಲ್ಲ. ಬಾಯಿ ಮುಚ್ಚಿತ್ತು, ಆದರೆ ಕೆನ್ನೆಯೊಳಗೆ ಏನೋ ಸರಿದಾಡುತ್ತಿತ್ತು. ಏನು ಮಾಡ್ತಿದೀಯ ಎಂದೆ.

"ಹಲ್ಲು ಎಣಿಸ್ತಾ ಇದೀನಿ ಮಿಸ್."

"ಬೆರಳಲ್ಲಿ ಎಣಿಸ್ಬಹುದಲ್ಲ?"

"ಬೆರಳು ಎಣಿಸ್ಬಾರ್ದು ಅಂತ ನೀವೇ ಹೇಳಿದ್ರಲ್ಲ ಮಿಸ್. ಯುಕೆಜಿಲಿ."

ಅವಳು ದೂರಲಿಲ್ಲ, ನೆನಪಿಸಿದಳು ಅಷ್ಟೇ. ಬೆರಳು ಎಣಿಸಿದವರಿಗೆ ನಾನು ಸ್ಕೇಲಿನಿಂದ ಬೆಂಚು ಕುಟ್ಟಿ ಹೆದರಿಸುತ್ತಿದ್ದದ್ದು ನಿಜ. ಜಾಣ ಮಕ್ಕಳು ಮನಸ್ಸಿನಲ್ಲೇ ಲೆಕ್ಕ ಮಾಡುತ್ತಾರೆ ಎನ್ನುತ್ತಿದ್ದೆ. ಈ ಮಗು ಐದು ವರ್ಷದಿಂದ ನಾಲಿಗೆಯ ತುದಿಯಲ್ಲಿ ಹಲ್ಲು ಮುಟ್ಟಿ, ಒಂದರಿಂದ ಹಿಡಿದು ಎಲ್ಲವನ್ನೂ ಎಣಿಸಿಕೊಂಡು ಬಂದಿತ್ತು.

ಮಾರನೆಯ ದಿನ ಅವಳ ಅಮ್ಮನಿಗೆ ವಿಷಯ ತಿಳಿಸೋಣವೆಂದು ನಿಲ್ಲಿಸಿಕೊಂಡೆ. ಅವರು ನನ್ನ ಮಾತನ್ನು ನಂಬಲೇ ಇಲ್ಲ. "ಚಿಕ್ಕೋಳಿದ್ದಾಗ ಲೆಕ್ಕದಲ್ಲಿ ಫಸ್ಟು ಮೇಡಂ ಇವ್ಳು. ನೀವೇ ಸ್ಟಾರ್ ಹಾಕಿದೀರ. ಬುಕ್ಕು ಇನ್ನೂ ಇಟ್ಕೊಂಡಿದೀನಿ" ಎಂದು, ಸಂಜೆ ಅಂಗಡಿಗೆ ಹೋಗುವಾಗ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಯುಕೆಜಿ ಪುಸ್ತಕ ತಂದುಕೊಟ್ಟು ಹೋದರು.

ಚೌಕುಳಿ ಪುಸ್ತಕ. ಪುಟ ಪುಟದಲ್ಲೂ ಒಂದರಿಂದ ನೂರು, ಪ್ರತಿ ಪುಟಕ್ಕೂ ನನ್ನ ಕೆಂಪು ಸ್ಟಾರು. ತಿರುವುತ್ತಾ ಹೋದವಳು ಒಂದು ಪುಟದಲ್ಲಿ ನಿಂತೆ. ನಲವತ್ತೊಂದು, ನಲವತ್ತೆರಡು ಎಂದು ನಲವತ್ತೊಂಬತ್ತರವರೆಗೆ ಇಳಿದ ಸಾಲಿನ ತಳದಲ್ಲಿ ಐವತ್ತು ಇರಬೇಕಿತ್ತು. ಅಲ್ಲಿ ನಲವತ್ತು ಇತ್ತು. ಪಕ್ಕದ ಸಾಲಿನ ತಳದಲ್ಲಿ ಅರವತ್ತರ ಬದಲು ಐವತ್ತು. ಅದರ ಪಕ್ಕ ಎಪ್ಪತ್ತರ ಬದಲು ಅರವತ್ತು. ಎಲ್ಲದಕ್ಕೂ ಸೇರಿಸಿ ಒಂದು ದೊಡ್ಡ ರೈಟು, ಕೆಳಗೆ ಸ್ಟಾರು, ನನ್ನ ಸಹಿ.

ಯುಕೆಜಿಯಲ್ಲಿ ಕೆಲಸ ಮಾಡಿದವರಿಗೆ ಇದು ನೋಡಿದ ತಕ್ಷಣ ತಿಳಿಯುತ್ತದೆ. ನಲವತ್ತು ಮಕ್ಕಳು, ನಲವತ್ತು ನಿಮಿಷ, ಶನಿವಾರ ಮ್ಯಾನೇಜ್‌ಮೆಂಟಿನವರ ಪುಸ್ತಕ ತಪಾಸಣೆ. ಪುಟ ತುಂಬಿಲ್ಲದಿದ್ದರೆ ಟೀಚರು ಏನೂ ಮಾಡಿಸಿಲ್ಲ ಎಂದು ಅರ್ಥ. ಪೋಷಕರೂ ಅಷ್ಟೇ, ಪಕ್ಕದ ಶಾಲೆಯಲ್ಲಿ ಇನ್ನೂರರವರೆಗೆ ಬರೆಯುತ್ತಾರಂತೆ ಎಂದು ಗೇಟಿನಲ್ಲೇ ಹಿಡಿಯುತ್ತಾರೆ. ಅದಕ್ಕೆ ನಾವೊಂದು ಸುಲಭದ ದಾರಿ ಹೇಳಿಕೊಡುತ್ತಿದ್ದೆವು. ನಲವತ್ತರ ಸಾಲಾದರೆ ಮೊದಲು ಮೇಲಿಂದ ಕೆಳಗೆ ಬರೀ ನಾಲ್ಕು ಇಳಿಸಿಕೊಂಡು ಬನ್ನಿ, ಆಮೇಲೆ ಪಕ್ಕದಲ್ಲಿ ಒಂದು, ಎರಡು, ಮೂರು ಎಂದು ಇಳಿಸಿ, ಕೊನೆಗೆ ಸೊನ್ನೆ. ಹತ್ತೇ ನಿಮಿಷಕ್ಕೆ ನೂರು ಮುಗಿಯುತ್ತದೆ. ತಳದ ಅಂಕಿಯನ್ನು ಬದಲಾಯಿಸಬೇಕು ಎಂದು ಹೇಳುತ್ತಿದ್ದೆವು, ಕೆಲವರು ಮರೆಯುತ್ತಿದ್ದರು, ಅದನ್ನು ನೋಡುವಷ್ಟು ಹೊತ್ತು ನಮಗೆ ಇರುತ್ತಿರಲಿಲ್ಲ. ಮಗು ನೂರು ಸಂಖ್ಯೆ ಬರೆದಿರಲಿಲ್ಲ, ಒಂದು ಬಗೆಯ ಕಸೂತಿ ಹಾಕಿತ್ತು.

ಅದು ಕೊರೊನಾಕ್ಕೆ ಮುಂಚಿನ ಪುಸ್ತಕ. ಇನ್ನು ತಪ್ಪನ್ನು ಯಾರ ಮೇಲೂ ಹಾಕುವ ಹಾಗಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೂತು ಅತ್ತೆ. ನಾಚಿಕೆಯಿಂದ ಅತ್ತೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಎಂಟನೇ ಕ್ಲಾಸಿನ ಗಣಿತದ ಮೇಷ್ಟ್ರಿಗೆ ಪುಸ್ತಕ ತೋರಿಸಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಆಲ್ಜೀಬ್ರಾ ಬರಲ್ಲ ಸಾರ್ ಅಂತಾರೆ. ಕೂರಿಸ್ಕೊಂಡು ನೋಡಿದ್ರೆ ಹದಿಮೂರರಲ್ಲಿ ಏಳು ಕಳೆಯೋದೇ ಬಂದಿರಲ್ಲ. ನನ್ ಹತ್ರ ಬರೋ ಹೊತ್ತಿಗೆ ಏನ್ ಮಾಡಕ್ಕಾಗುತ್ತೆ ಮೇಡಂ, ಪಾಯನೇ ಇರಲ್ಲ" ಎಂದರು. ಐದು ವಾರ ಉಳಿದಿದೆ ಎಂದಾಗ ಅವರು ಹೇಳಿದ್ದು ಒಂದೇ ಮಾತು: ಪಾಸಿಂಗ್ ಪ್ಯಾಕೇಜ್. ಅಂದರೆ ಪ್ರತಿ ವರ್ಷ ಬರುವ ಏಳೆಂಟು ಪ್ರಶ್ನೆಗಳನ್ನು ಆರಿಸಿ, ಹಂತಗಳನ್ನು ಅರ್ಥ ಮಾಡಿಸಲು ಹೋಗದೆ ಹಾಗೇ ಉರು ಹೊಡೆಸುವುದು. ಹತ್ತನೇ ಕ್ಲಾಸಿನಲ್ಲಿ ಎಷ್ಟೋ ಮಕ್ಕಳು ಅದರಲ್ಲೇ ದಡ ಸೇರುತ್ತಾರೆ.

ಒಂದು ಸಂಜೆ ಅದನ್ನೂ ಮಾಡಿ ನೋಡಿದೆ. ಲಸಾಅ ತೆಗೆಯುವ ಹಂತಗಳನ್ನು ಅವಳು ಅರ್ಧ ಗಂಟೆಯಲ್ಲಿ ಕಲಿತಳು. ಸಂಖ್ಯೆ ಬದಲಾಯಿಸಿ ಕೊಟ್ಟೆ, ಹಳೆಯ ಉತ್ತರವನ್ನೇ ದುಂಡಗೆ ಬರೆದು ನನ್ನ ಮುಖ ನೋಡಿದಳು, ಸ್ಟಾರಿಗೆ ಕಾಯುವ ಹಾಗೆ. ಐದು ವರ್ಷದ ಹಿಂದೆ ನಾನು ಅವಳಿಗೆ ಮಾಡಿದ್ದು ಇದನ್ನೇ. ಇನ್ನೊಂದು ಸಲ ಮಾಡಲು ಮನಸ್ಸು ಒಪ್ಪಲಿಲ್ಲ. ಪುಸ್ತಕ ಮುಚ್ಚಿಟ್ಟೆ.

ಆದರೆ ತೀರ್ಮಾನ ನನ್ನೊಬ್ಬಳದಾಗಬಾರದು, ಶಾಲೆ ಬಿಡಬೇಕಾದವಳು ನಾನಲ್ಲವಲ್ಲ. ಶನಿವಾರ ಅವಳ ಅಮ್ಮನ ಅಂಗಡಿಗೇ ಹೋದೆ. ಮೆಷಿನ್ನಿನ ಪಕ್ಕದ ಸ್ಟೂಲಿನಲ್ಲಿ ಕೂತು ಪುಸ್ತಕ ಬಿಚ್ಚಿ, ನಲವತ್ತರ ಸಾಲು ತೋರಿಸಿ, ಇದು ನನ್ನ ತಪ್ಪು ಎಂದೆ. ಐದನೇ ಕ್ಲಾಸಿನ ಪಾಠ ಬಿಟ್ಟು ಬುಡದಿಂದ ಶುರುಮಾಡಿದರೆ ಪರೀಕ್ಷೆಗೆ ಸಾಲದೇ ಹೋಗಬಹುದು, ಉರು ಹೊಡೆಸಿದರೆ ಪಾಸಾಗಬಹುದು, ಆದರೆ ಮುಂದೆ ಎಲ್ಲ ಕಡೆ ಇದೇ ಗೋಳು ಎಂದೂ ಹೇಳಿದೆ. ಅವರು ಜಗಳ ಆಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವರು ಆ ಸ್ಟಾರಿನ ಮೇಲೆ ಬೆರಳಿಟ್ಟರು.

"ಹಂಗಾದ್ರೆ ನನ್ ಮಗಳು ದಡ್ಡಿ ಅಲ್ಲ ಅಲ್ವಾ ಮೇಡಂ?"

"ಅಲ್ಲ ಕಣಮ್ಮ."

"ಮತ್ತೆ ಬುಡದಿಂದ್ಲೇ ಹೇಳ್ಕೊಡಿ."

ಸೋಮವಾರ ಮನೆಯಿಂದ ಒಂದು ಡಬ್ಬಿ ಹುಣಸೆ ಬೀಜ, ಎರಡು ಕಟ್ಟು ಬೆಂಕಿಕಡ್ಡಿ, ರಬ್ಬರ್ ಬ್ಯಾಂಡು, ನಾಲ್ಕು ಕವಡೆ ತೆಗೆದುಕೊಂಡು ಬಂದೆ. ಮೊದಲು, ಅವಳಿಗೆ ಏನು ಗೊತ್ತಿದೆ ಎಂದು ಪ್ರಾಮಾಣಿಕವಾಗಿ ನೋಡಬೇಕಿತ್ತು. ಐದು ಬೀಜ ಇಟ್ಟು ಮುಚ್ಚಿ, ಪಕ್ಕದಲ್ಲಿ ಎರಡು ಇಟ್ಟೆ. ಒಟ್ಟು ಎಷ್ಟು ಎಂದರೆ ಮುಚ್ಚಿದ್ದನ್ನು ತೆಗೆದು ಒಂದರಿಂದ ಎಣಿಸಿದಳು. ಅರವತ್ತೆಂಟು ದೊಡ್ಡದೋ ಎಪ್ಪತ್ತೊಂದು ದೊಡ್ಡದೋ ಎಂದರೆ ಅರವತ್ತೆಂಟು ಎಂದಳು, ಅದರಲ್ಲಿ ಎಂಟಿದೆಯಲ್ಲ ಎಂದಳು. ಚೌಕಾಬಾರದ ಮನೆ ಬರೆದು ಆಡಿಸಿದೆ. ಕವಡೆ ಮೂರು ಬಿದ್ದರೆ ಕಾಯಿ ಇದ್ದ ಮನೆಯನ್ನೇ ಒಂದು ಎಂದು ಎಣಿಸಿ ಎರಡೇ ಮನೆ ಮುಂದೆ ಹೋಗುತ್ತಿದ್ದಳು. ಹತ್ತು ವರ್ಷದ ಹುಡುಗಿ. ಇದ್ದಲ್ಲಿಂದ ಮುಂದಕ್ಕೆ ಎಣಿಸಬೇಕು ಎಂಬುದನ್ನು ಅವಳಿಗೆ ಯಾರೂ ಆಡಿಸಿ ಕಲಿಸಿರಲಿಲ್ಲ. ಅದು ನಾನು ಯುಕೆಜಿಯಲ್ಲಿ ಮಾಡಬೇಕಿದ್ದ ಕೆಲಸ.

ಏಳರೊಳಗೆ ಐದು ಮತ್ತು ಎರಡು ಇದೆ, ನಾಲ್ಕು ಮತ್ತು ಮೂರು ಇದೆ ಎಂಬುದು ಕಣ್ಣಿಗೆ ಕಾಣಬೇಕು. ಅದು ಕಂಡವರಿಗೆ ಎಂಟಕ್ಕೆ ಐದು ಸೇರಿಸುವಾಗ ಐದನ್ನು ಎರಡು ಮತ್ತು ಮೂರಾಗಿ ಒಡೆದು ಹತ್ತು ಮಾಡಿಕೊಳ್ಳುವುದು ಗೊತ್ತಾಗುತ್ತದೆ. ಹತ್ತು ಕಡ್ಡಿಯ ಕಟ್ಟು ಒಂದು ಎಂಬುದು ಗೊತ್ತಾದರೆ ಮಾತ್ರ ಐವತ್ತೆರಡರಲ್ಲಿ ಎಂಟು ಕಳೆಯಲು ಒಂದು ಕಟ್ಟು ಬಿಚ್ಚಬೇಕು ಎಂಬುದು ಹೊಳೆಯುತ್ತದೆ. ಅದು ಇಲ್ಲದವರಿಗೆ ಭಿನ್ನರಾಶಿ ಬರೀ ಗೆರೆಯ ಮೇಲೊಂದು ಕೆಳಗೊಂದು ಅಂಕಿ. ಇಷ್ಟು ವರ್ಷ ಪಾಠ ಮಾಡಿದ ನನಗೆ ಇದು ನಲವತ್ತೇಳನೆಯ ವಯಸ್ಸಿನಲ್ಲಿ, ಒಂದು ಡಬ್ಬಿ ಹುಣಸೆ ಬೀಜದ ಮುಂದೆ ಕೂತಾಗ ಅರ್ಥವಾಯಿತು.

ಮೊದಲ ಹತ್ತು ದಿನ ಏನೂ ಆಗಲಿಲ್ಲ. ಇವತ್ತು ಬಂದದ್ದು ನಾಳೆ ಹೋಗುತ್ತಿತ್ತು. ಒಂದು ಸಂಜೆ ನೀರಿನ ಬಾಟಲಿ ಮರೆತುಹೋಗಿದ್ದ ಅವಳ ಗೆಳತಿಯರಿಬ್ಬರು ಕ್ಲಾಸಿಗೆ ಬಂದು ಬೀಜಗಳನ್ನು ನೋಡಿ, "ಏ, ಇದು ಯುಕೆಜಿದು ಕಣೇ" ಎಂದು ನಕ್ಕರು. ಮಾರನೆಯ ದಿನ ಅವಳು ನಿಲ್ಲದೆ ಗೇಟಿನಿಂದಾಚೆ ಓಡಿಹೋದಳು. ಅದರ ಮಾರನೆಯ ದಿನವೂ. ನನಗೆ ನಿಜವಾಗಿ ದಿಕ್ಕು ತೋಚಲಿಲ್ಲ. ಮೂರನೆಯ ದಿನ ಲಾಂಗ್ ಬೆಲ್ಲು ಹೊಡೆಯುವ ಮೊದಲೇ ಗೇಟಿನಲ್ಲಿ ಹೋಗಿ ನಿಂತೆ. ಟೀಚರು ಮಕ್ಕಳ ಹತ್ತಿರ ಬೇಡಿಕೊಳ್ಳುವುದು ನಮ್ಮಲ್ಲಿ ಇಲ್ಲ. ಬೇಡಿಕೊಂಡೆ.

"ನಂಗೆ ಬರಲ್ಲ ಮಿಸ್. ಬಿಟ್‌ಬಿಡಿ ನನ್ನ" ಎಂದಳು.

"ನಿಂಗೆ ಬರಲ್ಲ ಅಂತಲ್ಲ ಪುಟ್ಟಿ, ನಾನ್ ಸರಿಯಾಗಿ ಹೇಳ್ಕೊಟ್ಟಿಲ್ಲ. ನಂದು ತಪ್ಪು."

ಟೀಚರೊಬ್ಬರು ಹಾಗೆ ಹೇಳುವುದನ್ನು ಅವಳು ಕೇಳಿರಲಿಲ್ಲವೇನೋ. ನಂಬದೆ ನೋಡಿದಳು. ಆಮೇಲೆ ಬ್ಯಾಗು ಹೊತ್ತುಕೊಂಡು ನನ್ನ ಹಿಂದೆ ಮೆಟ್ಟಿಲು ಹತ್ತಿದಳು. ಬಾಗಿಲು ಹಾಕಿಕೊಂಡು ಕೂತೆವು.

ಆಮೇಲೆ ಸ್ವಲ್ಪ ಸ್ವಲ್ಪ ಬಂತು. ಚೌಕಾಬಾರದಲ್ಲಿ ಕಾಯಿ ಸರಿಯಾಗಿ ನಡೆಯತೊಡಗಿತು. ಮುಚ್ಚಿದ ಬೀಜವನ್ನು ತೆಗೆಯದೆ "ಐದು... ಆರು, ಏಳು" ಎಂದ ದಿನ ನಾನು ಅವಳ ಬೆನ್ನು ತಟ್ಟಿದೆ. ಅವಳು ಯಾಕೆಂದು ತಿಳಿಯದೆ ನಕ್ಕಳು. ಬೆರಳು ಎಣಿಸಲು ನಾನೇ ಹೇಳಿದೆ, ರಾಜಾರೋಷವಾಗಿ, ಬೆಂಚಿನ ಮೇಲೆ ಕೈಯಿಟ್ಟು. ಮಾರ್ಚ್ ಮೊದಲ ವಾರದ ಕೊನೆಗೆ ಐವತ್ತೆರಡು ಕಡ್ಡಿಯಲ್ಲಿ ಒಂದು ಕಟ್ಟು ಬಿಚ್ಚಿ ಮೂವತ್ತೆಂಟು ತೆಗೆದು, ಹದಿನಾಲ್ಕು ಉಳಿಯಿತು ಎಂದಳು. ಆದರೆ ಕ್ಯಾಲೆಂಡರು ನೋಡಿದರೆ ಎದೆ ಒಡೆಯುತ್ತಿತ್ತು. ಹೆಡ್ ಮಿಸ್ ಒಂದು ದಿನ ಬಾಗಿಲು ತಳ್ಳಿಕೊಂಡು ಬಂದು, "ಪರೀಕ್ಷೆಗೆ ಹತ್ತು ದಿನ ಇದೆ, ನೀವು ಐದನೇ ಕ್ಲಾಸಲ್ಲಿ ಬೆಂಕಿಕಡ್ಡಿ ಎಣಿಸ್ತಾ ಇದೀರ" ಎಂದರು. ಹೌದು ಮೇಡಂ ಎಂದೆ. ಆ ಹತ್ತು ದಿನದಲ್ಲಿ ಭಿನ್ನರಾಶಿಯನ್ನು ಎಳೆದು ತರಲು ನೋಡಿದೆ, ಚಪಾತಿ ಮುರಿದೆ, ಕಾಗದ ಮಡಿಸಿದೆ. ಅರ್ಧ ಮತ್ತು ಕಾಲು ಬಂತು. ಅದಕ್ಕಿಂತ ಮುಂದೆ ಹೋಗಲು ದಿನ ಉಳಿದಿರಲಿಲ್ಲ.

ಪರೀಕ್ಷೆಯ ದಿನ ಅವಳು ಕೊನೆಯ ಬೆಲ್ಲಿನವರೆಗೂ ಬರೆದಳು. ಪಟ್ಟಿಯಲ್ಲಿದ್ದ ಮಕ್ಕಳ ಪೇಪರನ್ನು ಹೆಡ್ ಮಿಸ್ ತಮ್ಮೆದುರಿಗೇ ತಿದ್ದಿಸಿದರು. ಕೂಡುವ, ಕಳೆಯುವ ಲೆಕ್ಕಗಳೆಲ್ಲ ಸರಿ, ಒಂದೂ ತಪ್ಪಿರಲಿಲ್ಲ. ಮೊದಲ ಟೆಸ್ಟಿನಲ್ಲಿ ಅದೇ ಹುಡುಗಿಗೆ ಒಂದೂ ಸರಿ ಬಂದಿರಲಿಲ್ಲ. ಕಾಲುಭಾಗಕ್ಕೆ ಬಣ್ಣ ಹಚ್ಚುವುದೂ ಸರಿ. ಲಸಾಅ, ಭಾಗಾಕಾರ, ಭಿನ್ನರಾಶಿಯ ಸಮಸ್ಯೆಗಳಲ್ಲಿ ಪ್ರಶ್ನೆಯ ಸಂಖ್ಯೆಯನ್ನಷ್ಟೇ ಹಾಕಿ ಜಾಗ ಬಿಟ್ಟಿದ್ದಳು. ಉರು ಹೊಡೆದಿದ್ದರೆ ಆ ಜಾಗದಲ್ಲಿ ಏನಾದರೂ ಇರುತ್ತಿತ್ತು. ಮತ್ತೆ ಮತ್ತೆ ಕೂಡಿದೆ. ಒಂಬತ್ತೇ ಬಂತು.

"ಮೇಡಂ, ಇವ್ಳು ಐದು ವಾರದಲ್ಲಿ ನಾಲ್ಕು ವರ್ಷದ ಪಾಠ ಕಲ್ತಿದಾಳೆ" ಎಂದೆ. "ಇನ್ನೊಂದು ವರ್ಷ ಕೊಡಿ. ಇದು ಯುಕೆಜಿಲಿ ನಾನೇ ಮಾಡಿದ ತಪ್ಪು, ಬೇಕಾದ್ರೆ ಬರ್ದು ಕೊಡ್ತೀನಿ."

"ಅದನ್ನೆಲ್ಲ ಬರ್ದು ಕೊಟ್ರೆ ಸ್ಕೂಲ್ ನಡೆಯುತ್ತಾ?" ಎಂದರು ಅವರು, ಬೇಸರದಿಂದಲೇ. "ನಾನು ಹದಿನೆಂಟು ಅಂತ ಎಲ್ರಿಗೂ ಹೇಳಿದೀನಿ. ಇವ್ಳೊಬ್ಳಿಗೆ ಬಿಟ್ರೆ ಉಳ್ದೋರು ಸುಮ್ನಿರ್ತಾರಾ?"

ಏಪ್ರಿಲ್ ಮೊದಲ ವಾರ ಅವರು ಟಿ.ಸಿ.ಗೆ ಬಂದರು. ಅಮ್ಮ ಆಫೀಸಿನೊಳಗೆ ಹೋಗಿ ಅರ್ಜಿಗೆ ಸಹಿ ಹಾಕುತ್ತಿದ್ದರು. ನಾನು ಹೊರಗಿನ ಬೆಂಚಿನಲ್ಲಿ ಅವಳ ಪಕ್ಕ ಕೂತೆ. ಎಲ್ಲಿ ಸೇರಿಸುತ್ತಾರಂತೆ ಎಂದೆ. ವಿಜಯನಗರದ ಕಡೆ, ಅತ್ತೆ ಮನೆ ಹತ್ತಿರದ ಸ್ಕೂಲು ಎಂದಳು. ಗೆಳತಿಯರಿಗೆ ಹೇಳಿದೆಯಾ ಎಂದರೆ ತಲೆ ಅಲ್ಲಾಡಿಸಿದಳು. ಹೌದೋ ಇಲ್ಲವೋ ತಿಳಿಯಲಿಲ್ಲ, ಮತ್ತೆ ಕೇಳುವ ಧೈರ್ಯವೂ ಬರಲಿಲ್ಲ. ಉರು ಹೊಡೆಸಬೇಕಿತ್ತು ಎಂದು ಆ ಬೆಂಚಿನ ಮೇಲೆ ಕೂತು ನೂರು ಸಲ ಅಂದುಕೊಂಡೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಇವತ್ತಿಗೂ ಖಚಿತವಿಲ್ಲ.

"ಮಿಸ್, ನಂಗೆ ಎಷ್ಟು ಬಂತು?" ಎಂದಳು.

"ಒಂಬತ್ತು."

"ಪಾಸಿಗೆ ಹದಿನೆಂಟು ಅಲ್ವಾ?"

ಹೌದು ಎಂದೆ. ಎರಡೂ ಕೈ ಮಡಿಲಿನಲ್ಲಿ ಸುಮ್ಮನಿದ್ದವು. ಕೆನ್ನೆ ಅಲ್ಲಾಡಲಿಲ್ಲ. ಒಂದು ಕ್ಷಣ ಗೋಡೆಯ ಕಡೆ ನೋಡಿದಳು.

"ಒಂಬತ್ತಕ್ಕೆ ಒಂದು ಹಾಕಿದ್ರೆ ಹತ್ತು. ಆಮೇಲೆ ಎಂಟು" ಎಂದಳು. "ಇನ್ನೂ ಒಂಬತ್ತು ಬೇಕಿತ್ತು ಮಿಸ್."